ಮನುಷ್ಯ ರೂಪ ಪೂರ್ತಿ ಬಿಡಬೇಕು

ವೀರಬಸಪ್ಪ ಯಾವ ಕೆಲಸವನ್ನೂ ಮೊದಲು ಕಚ್ಚಾ ಬರೆದು, ಆಮೇಲೆ ಚೊಕ್ಕವಾಗಿ ಬರೆದು, ಆಮೇಲಷ್ಟೇ ಮಾಡುವವನು. ಆ ಶನಿವಾರದ ಅನಾಹುತಕ್ಕೆಲ್ಲ ಈ ಅಭ್ಯಾಸವೇ ಕಾರಣ. ಬರೆದ ಹಾಳೆಯನ್ನು ಜೇಬಿಗಿಟ್ಟುಕೊಳ್ಳದೆ ಕಿಟಕಿಯಲ್ಲಿ ಬಿಟ್ಟು ಸ್ನಾನಕ್ಕೆ ಹೋದ. ನಲ್ಲಿಯಲ್ಲಿ ನೀರು ಬಂತೆಂದು ಹೇಳಲು ಬಂದ ಮನೆ ಒಡತಿ ದೊಡ್ಡಮುನಿಯಮ್ಮ ಅದನ್ನು ಎತ್ತಿಕೊಂಡರು. ಅವರಿಗೆ ಓದಲು ಬರುವುದಿಲ್ಲ. ಸೊಸೆ ಕಲಾವತಿಗೆ ಬರುತ್ತದೆ. ಅದೂ ಅಂಗಳದ ನಲ್ಲಿಯ ಹತ್ತಿರ, ನಾಲ್ಕು ಮನೆಯ ಬಿಂದಿಗೆಗಳ ನಡುವೆ ನಿಂತು, ಗಟ್ಟಿಯಾಗಿ.

“‘ಶನಿವಾರ ಸಂಜೆ ಆರರೊಳಗೆ ಮುಗಿಸಬೇಕು. ಏಡಿಯ ಶಕ್ತಿ ಕೀಳಬೇಕು. ಹದ್ದಿನದೂ ಕೀಳಬೇಕು. ಮನುಷ್ಯ ರೂಪ ಪೂರ್ತಿ ಬಿಡಬೇಕು. ಎಲ್ಲವನ್ನೂ ಹುಲಿಗೆ ಒಪ್ಪಿಸಬೇಕು. ವಿಶೇಷ ಸೂಚನೆ: ಒಮ್ಮೆ ಮಾಡಿದರೆ ಹಿಂದಕ್ಕೆ ಬರುವಂತಿಲ್ಲ.’”

ಮತ್ತಿಕೆರೆಯಲ್ಲಿ ಬಿಂದಿಗೆ ತುಂಬಿ ಹರಿಯುತ್ತಿದ್ದರೂ ಯಾರೂ ಕೈ ಹಾಕದೆ ನಿಂತದ್ದು ಅದೇ ಮೊದಲು.

ವಿಷಯ ಇಷ್ಟೇ. ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾಗಿದ್ದ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದ, ಮೂವತ್ತೆಂಟು ತುಂಬಿದ ವೀರಬಸಪ್ಪ ಒಂದು ವರ್ಷದಿಂದ ಸೈಬರ್ ಸೆಂಟರಿನ ಮೂಲೆಯಲ್ಲಿ ಕೂತು ಸೂಪರ್‌ಹೀರೋಗಳ ಆನ್‌ಲೈನ್ ಗೇಮ್ ಆಡುತ್ತಿದ್ದ. ಅದರಲ್ಲಿ ಅವನು ಆರಿಸಿಕೊಂಡದ್ದು ರೂಪ ಬದಲಿಸುವ ಹೀರೋನನ್ನು. ಬೇಕೆಂದಾಗ ಏಡಿ, ಹದ್ದು, ಹುಲಿ, ಬೇಡವೆಂದಾಗ ಮನುಷ್ಯ. ಗಳಿಸಿದ ಎಂಬತ್ತು ಶಕ್ತಿಯಲ್ಲಿ ಯಾವ ರೂಪಕ್ಕೆ ಎಷ್ಟೆಂದು ಆಡುವವನೇ ಹಂಚಬೇಕು. ವೀರಬಸಪ್ಪ ನಾಲ್ಕು ಗಂಡುಮಕ್ಕಳಿಗೆ ಹೊಲ ಪಾಲು ಮಾಡುವ ಅಪ್ಪನ ಹಾಗೆ ತಲಾ ಇಪ್ಪತ್ತು ಕೊಟ್ಟಿದ್ದ. ಯಾರಿಗೂ ಬೇಜಾರಾಗಬಾರದಲ್ಲ! ಹೀಗಾಗಿ ಅವನ ಹದ್ದು ಕಾಂಪೌಂಡ್ ಗೋಡೆಗಿಂತ ಮೇಲೆ ಹಾರುತ್ತಿರಲಿಲ್ಲ; ಹುಲಿ ಕಚ್ಚಿದರೆ ಶತ್ರುಗಳು ಕೆರೆದುಕೊಂಡು ಸುಮ್ಮನಾಗುತ್ತಿದ್ದರು.

ನಾಲ್ವರ ತಂಡದ ಕ್ಯಾಪ್ಟನ್, ಇವನು ಮುಖ ಕಂಡಿರದ ಯಾರೋ, ಕೊನೆಗೆ ಬರೆದಿದ್ದ: “ಗುರು, ಶನಿವಾರ ಆರು ಗಂಟೆವರೆಗೆ ಶಕ್ತಿ ಮತ್ತೆ ಹಂಚೋಕೆ ಬಿಟ್ಟಿದಾರೆ. ಒಂದೇ ಚಾನ್ಸು. ಎಲ್ಲಾ ಹುಲಿಗೆ ಹಾಕು. ಇಲ್ಲಾಂದ್ರೆ ತಂಡದಲ್ಲಿ ಜಾಗ ಇಲ್ಲ, ಬೇಜಾರ್ ಮಾಡ್ಕೋಬೇಡ.” ‘ಎಲ್ಲಿದ್ಯಾ ಗುರು, ಕಾಯ್ತಾ ಇದೀವಿ’ ಎಂದು ದಿನಕ್ಕೊಮ್ಮೆ ಕೇಳುವವರು ವೀರಬಸಪ್ಪನಿಗೆ ಈ ಜಗತ್ತಿನಲ್ಲಿ ಆ ಮೂವರೇ.

ಇದನ್ನು ನಲ್ಲಿಯ ಹತ್ತಿರವೇ ಹೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹೋದ ವಾರವಷ್ಟೇ ಇದೇ ಕಲಾವತಿಗೆ, “ಗೇಮ್ ಆಡಿದ್ರೆ ಮಿದುಳು ಮಜ್ಜಿಗೆ ಆಗುತ್ತೆ ಕಣಮ್ಮ, ಮಕ್ಕಳನ್ನ ಸೈಬರ್ ಕಡೆ ಬಿಡ್ಬೇಡಿ” ಎಂದು ಅರ್ಧ ಗಂಟೆ ಬುದ್ಧಿ ಹೇಳಿದ್ದ. ಟವೆಲ್ ಸುತ್ತಿಕೊಂಡು ಹೊರಬಂದವನು ಕಲಾವತಿಯ ಮುಖ ತಪ್ಪಿಸಿ ಬಿಂದಿಗೆಗಳನ್ನು ನೋಡಿದ.

“ಈರಬಸಪ್ಪ, ಯಾವಾಗಿಂದ್ಲಪ್ಪ ನಿನ್ ಮೈಮ್ಯಾಲೆ ಉಲಿ ಬತ್ತಿರೋದು?” ದೊಡ್ಡಮುನಿಯಮ್ಮ ಎರಡು ಹೆಜ್ಜೆ ಹಿಂದೆ ಸರಿದರು.

“ಹುಲಿ ಏನೂ ಬರಲ್ಲಮ್ಮ... ಅದು... ಆಫೀಸ್ ಕೆಲಸ.”

“ಕಾಲೇಜಲ್ಲಿ ಏಡಿ ಶಕ್ತಿ ಕೀಳೋ ಕೆಲ್ಸಾನೂ ಇದ್ಯಾ ಅಣ್ಣಾ?” ಎಂದಳು ಕಲಾವತಿ.

ಪಕ್ಕದ ಮನೆಯ ಕೃಷ್ಣಮ್ಮ ಕೆನ್ನೆಗೆ ಕೈ ಕೊಟ್ಟರು. “ಸಂಜೆ ಆದ್ರೆ ಎಲ್ಲೋ ಹೋಗ್ತಾರೆ. ಬರೋವಾಗ ಕಣ್ಣು ಕೆಂಪಗಿರುತ್ತೆ. ನಾನು ಕುಡೀತಾರೆ ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ಬಂದೆ. ಪಾಪ!”

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಕಲಾವತಿಯ ಗಂಡ ಸುಬ್ರಮಣಿಯ ಓಮ್ನಿ ಶೆಟ್ಟಿಹಳ್ಳಿಯತ್ತ ಹೊರಟಿತ್ತು. ನಡುವಿನ ಸೀಟಿನಲ್ಲಿ ವೀರಬಸಪ್ಪ, ಆಚೆಗೆ ಅತ್ತೆ, ಈಚೆಗೆ ಸೊಸೆ, ತೊಡೆಯ ಮೇಲೆ ನಿಂಬೆಹಣ್ಣಿನ ಚೀಲ. ಇಳಿದು ಓಡೋಣವೆಂದರೆ ದೊಡ್ಡಮುನಿಯಮ್ಮ ಅವನ ಕೈಯನ್ನು ಹೆತ್ತವರ ಹಾಗೆ ಹಿಡಿದುಕೊಂಡಿದ್ದರು. ಆ ಕೈ ಬಿಡಿಸಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ.

ಶೆಟ್ಟಿಹಳ್ಳಿಯ ಅಂಜಿನಮ್ಮನ ಮೈಮೇಲೆ ಅಮ್ಮನವರು ಬರುತ್ತಿದ್ದರು. ಸರದಿ ಬಂದಾಗ ಗಂಟೆ ನಾಲ್ಕೂವರೆ.

“ಯಾರು ನೀನು? ಯೋಳು!”

“ವೀರಬಸಪ್ಪ. ಸ್ಕಾಲರ್‌ಶಿಪ್ ವಿಭಾಗ.”

“ಸುಳ್ಳು!” ಬೇವಿನ ಸೊಪ್ಪು ಬೆನ್ನಿಗೆ ಬಿತ್ತು. “ಎಲ್ಲಿಂದ ಬಂದೆ?”

“ಮತ್ತಿಕೆರೆಯಿಂದ ತಾಯಿ. ಓಮ್ನಿಯಲ್ಲಿ.”

ಮತ್ತೆ ಬಿತ್ತು. ಪ್ರತಿ ಏಟಿಗೂ ವೀರಬಸಪ್ಪ “ಕ್ಷಮಿಸಿ” ಎನ್ನುತ್ತಿದ್ದ. ಕಡೆಗೆ ಅಂಜಿನಮ್ಮ ಸೊಪ್ಪು ಕೆಳಗಿಟ್ಟು ಬೆವರೊರೆಸಿಕೊಂಡರು. “ಬಲೇ ಮರ್ಯಾದೆ ಇರೋ ಗಾಳಿ ಕಣವ್ವ ಇದು. ಬೇಗ ಬಿಡಾಕಿಲ್ಲ. ಮೂರು ದಿನ ಇಲ್ಲೇ ಇರ್ಲಿ.”

ಮೂರು ದಿನ! ಗೋಡೆ ಗಡಿಯಾರ ಐದು ಗಂಟೆ ಹೊಡೆಯಿತು. ವೀರಬಸಪ್ಪನಿಗೆ ಎಲ್ಲಿತ್ತೋ ದನಿ, “ಗೇಮು!” ಎಂದು ಕೂಗಿದ. “ಕಂಪ್ಯೂಟರ್ ಗೇಮು ತಾಯಿ! ನಾನೇ ಆಡೋದು! ದಿನಾ!”

ಅಷ್ಟು ಜನರೆದುರು ಪಂಚೆ ಬಿಚ್ಚಿಹೋದವನ ಹಾಗೆ ಅವನು ತಲೆ ತಗ್ಗಿಸಿ ನಿಂತ.

“ಮಿದುಳು ಮಜ್ಜಿಗೆ ಆಗುತ್ತೆ ಅಂದಿದ್ರಲ್ಲಾ ಅಣ್ಣಾ?” ಕಲಾವತಿ ಮೆಲ್ಲಗೆ ಕೇಳಿದಳು. ಬೇವಿನ ಸೊಪ್ಪಿಗಿಂತ ಅದೇ ಹೆಚ್ಚು ಉರಿಯಿತು.

ದೊಡ್ಡಮುನಿಯಮ್ಮ ಮಾತ್ರ ನಂಬಲಿಲ್ಲ. “ಗಾಳಿ ಇಂಗೇ ಆಟ ಆಡ್ಸೋದು. ನನ್ ಕಣ್ಣಿಗೆ ತೋರ್ಸು, ಆಮ್ಯಾಕೆ ನಂಬ್ತೀನಿ.”

ಸೈಬರ್ ಸೆಂಟರ್ ತಲುಪಿದಾಗ ಐದೂ ಮುಕ್ಕಾಲು. ಇಬ್ಬರು ಹೆಂಗಸರು, ಒಬ್ಬ ಗಂಡಸು, ನಿಂಬೆಹಣ್ಣಿನ ಚೀಲದ ಸಮೇತ ವೀರಬಸಪ್ಪ ಒಳಗೆ ಬಂದದ್ದನ್ನು ಕಂಡು ಹುಡುಗರು ಆಡುತ್ತಿದ್ದುದನ್ನು ನಿಲ್ಲಿಸಿದರು. “ಮಚ್ಚಾ, ನಮ್ಮ ಸ್ಕಾಲರ್‌ಶಿಪ್ ಸಾರ್ ಕಣೋ!” ಎಂದನೊಬ್ಬ. ವೀರಬಸಪ್ಪನ ಮೂಗು ಕೀಬೋರ್ಡಿಗೆ ತಾಗುವಷ್ಟು ಬಗ್ಗಿತು.

ಹತ್ತು ನಿಮಿಷ ಕಾಯಿಸಿ, ಪರದೆಯ ಮೇಲೆ ನಾಲ್ಕು ರೂಪಗಳು ಸಾಲಾಗಿ ನಿಂತವು. ಅವನು ಅವಸರದಲ್ಲಿ ಏಡಿಯದು ಕಿತ್ತ, ಹದ್ದಿನದು ಕಿತ್ತ, ಮನುಷ್ಯನದೂ ಕಿತ್ತ. ಹುಲಿಗೆ ಎಂಬತ್ತು. ಇನ್ನು ಖಾಯಂ ಮಾಡುವುದೊಂದೇ ಬಾಕಿ. ಹುಲಿ ಊದಿಕೊಂಡು ಪರದೆ ತುಂಬಿತು. ಪಕ್ಕದಲ್ಲಿ ಮನುಷ್ಯ ಬಡವಾಗಿ ಕಡ್ಡಿಯ ಹಾಗಾದ.

“ಅಯ್ಯೋ, ನೀನೇ ಅಲ್ವೇನಪ್ಪ ಅದು?” ದೊಡ್ಡಮುನಿಯಮ್ಮನ ಕಣ್ಣಲ್ಲಿ ನೀರು ಬಂತು. “ಊಟ ಇಲ್ದೋರಂಗೆ ಆಗೋದ್ಯಲ್ಲೋ! ಮನುಸ್ಯಂಗೆ ಕೊಡು. ಎಲ್ಲಾನೂ ಕೊಡು. ಒಂದ್ ಕಿತ ನಾನು ಕಣ್ತುಂಬಾ ನೋಡ್ತೀನಿ.”

“ಅಮ್ಮಾ, ಟೈಮ್ ಇಲ್ಲ...”

“ನಿಂಗೆ ಕೈ ಮುಗಿತೀನಿ ಕಣಪ್ಪ.”

ಹಿರಿಯ ಜೀವ ಕೈ ಮುಗಿಯುವುದೇ? ಗಂಟೆ ಐದೂ ಐವತ್ತೇಳು. ತೋರಿಸಿ ತಕ್ಷಣ ಮತ್ತೆ ಹುಲಿಗೆ ತಿರುಗಿಸಿದರಾಯಿತು ಎಂದುಕೊಂಡು ವೀರಬಸಪ್ಪ ಎಂಬತ್ತನ್ನೂ ಮನುಷ್ಯನಿಗೆ ಹಾಕಿದ. ಮನುಷ್ಯ ಮೈಕೈ ತುಂಬಿಕೊಂಡು ನಗುತ್ತ ನಿಂತ. ಕೆಳಗೆ ಒಂದು ಪ್ರಶ್ನೆ ಮೂಡಿತು.

“ಏನಂತೆ ಅದು?”

“ಇದೇ ಖಾಯಂ ಮಾಡ್ಲಾ ಅಂತ ಕೇಳ್ತಾ ಇದೆ ಅತ್ತೆ,” ಎಂದಳು ಕಲಾವತಿ.

“ಊಂ ಅನ್ನು, ಇನ್ನೇನು!”

ಕಲಾವತಿ ಅತ್ತೆಯ ಮಾತು ಮೀರಿದವಳಲ್ಲ. ವೀರಬಸಪ್ಪನ ಭುಜದ ಮೇಲಿಂದ ಕೈ ಚಾಚಿ ಒತ್ತಿಬಿಟ್ಟಳು.

ಏಡಿ, ಹದ್ದು, ಹುಲಿ ಒಂದೊಂದಾಗಿ ಮಾಯವಾದವು. ಮೂಲೆಯಲ್ಲಿ ಕ್ಯಾಪ್ಟನ್ನನ ಸಾಲು ಮಿನುಗಿತು: “ಆಯ್ತಾ ಗುರು? ಹುಲಿ ಆದ್ಯಾ? ಕಾಯ್ತಾ ಇದೀವಿ.”

ಒಂದು ಸುಳ್ಳಿಗೇ ಇಷ್ಟೆಲ್ಲ ಅನುಭವಿಸಿದ್ದ ವೀರಬಸಪ್ಪ ಒಂದೊಂದೇ ಅಕ್ಷರ ಒತ್ತಿದ: “ಇಲ್ಲ. ಮನುಷ್ಯ ಆದೆ.”

ಆಮೇಲೆ ತಂಡದ ಪಟ್ಟಿಯಿಂದ ಅವನ ಹೆಸರು ಸದ್ದಿಲ್ಲದೆ ಅಳಿಸಿಹೋಯಿತು.

ಅವನ ಮುಖವನ್ನೇ ನೋಡುತ್ತಿದ್ದ ದೊಡ್ಡಮುನಿಯಮ್ಮ ಕೇಳಿದರು: “ಓಯ್ತಾ?”

“ಹೋಯ್ತಮ್ಮ,” ಎಂದ ವೀರಬಸಪ್ಪ.

ಅವರು ಅವನ ತಲೆಗೆ ನಿಂಬೆಹಣ್ಣು ನಿವಾಳಿಸಿದರು. ಸೈಬರ್ ಸೆಂಟರಿನ ಹುಡುಗರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು.