ಒಂಟಿ ಸೀನಿನ ಕಾರು

ಸೀನಿಗೆ ಹೆದರುವವರನ್ನು ಕಂಡರೆ ಓದಿದವರು ನಗುತ್ತಾರೆ. ನಗಲಿ ಬಿಡಿ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ನನಗೆ ತಿಳಿದದ್ದೆಲ್ಲ ಮನೆಯ ಹಿರಿಯರು ಹೇಳಿಕೊಟ್ಟದ್ದು. ಹೊರಡುವಾಗ ಯಾರಾದರೂ ಒಂದೇ ಸಲ ಸೀನಿದರೆ ಅಪಶಕುನ. ಮರಳಿ ಒಳಗೆ ಬಂದು, ಕುಳಿತು, ಒಂದು ಗುಟುಕು ನೀರು ಕುಡಿದು ಹೋಗಬೇಕು. ಎರಡು ಸಲ ಸೀನಿದರೆ ದೋಷವಿಲ್ಲ. ಅದು ಜೋಡಿ ಸೀನು, ಧಾರಾಳವಾಗಿ ಹೊರಡಬಹುದು. ನಮ್ಮ ಯಜಮಾನರು ಇದ್ದಷ್ಟು ದಿನವೂ ಅವರಿಗೆ ನೆಗಡಿ. ಒಂದು ಸೀನಿ, ಎರಡನೆಯದು ಬಾರದೆ ಅವರು ಬಾಯಿ ತೆರೆದು ನಿಂತಾಗ ನಾನು ಕೈಯಲ್ಲಿ ಚೀಲ ಹಿಡಿದು ಅವರ ಮೂಗನ್ನೇ ನೋಡುತ್ತ ಬಾಗಿಲಲ್ಲಿ ಕಾದದ್ದು ಎಷ್ಟು ಸಲವೋ. ಹಾಗೆ ಕಾದು ಕಾದು ಮೂಡಲಗಿಯ ಬಸ್ಸು ತಪ್ಪಿಸಿಕೊಂಡಿದ್ದೇನೆ. ಒಮ್ಮೆ ಸ್ವಂತ ತಂಗಿಯ ಮದುವೆಯಲ್ಲಿ ಅಕ್ಕಿಕಾಳು ಬಿದ್ದಾದ ಮೇಲೆ ಹೋಗಿ ಮುಟ್ಟಿದ್ದೇನೆ. ಇಷ್ಟಾದರೂ ನಂಬಿಕೆ ಬಿಡಲಿಲ್ಲ. ಮನುಷ್ಯರ ಸೀನನ್ನು ಹೇಗೋ ಸಂಭಾಳಿಸುತ್ತಿದ್ದೆ. ಆದರೆ ಕಾರು ಸೀನಿದರೆ ಏನು ಮಾಡಬೇಕು ಎಂಬುದನ್ನು ನಮ್ಮತ್ತೆ ಹೇಳಿಕೊಟ್ಟಿರಲಿಲ್ಲ.

ಕಾರು ನಮ್ಮದಲ್ಲ. ನನ್ನ ಮೊಮ್ಮಗಳು ದೀಪಾಳ ಗ್ಯಾರೇಜಿಗೆ ಬಂದದ್ದು. ಅವಳು ಗಾಡಿಗಳ ಡಿಪ್ಲೊಮಾ ಓದಿ, ಗೋಕಾಕದ ನಮ್ಮ ಮನೆಯ ಮುಂದೆ, ಮೊದಲು ಎಮ್ಮೆ ಕಟ್ಟುತ್ತಿದ್ದ ತಗಡಿನ ಶೆಡ್ಡಿನಲ್ಲಿ ಗ್ಯಾರೇಜು ಇಟ್ಟಿದ್ದಾಳೆ. ಎಮ್ಮೆ ಇದ್ದಾಗಲೂ ಅಲ್ಲಿ ಸಗಣಿ ಬಾಚುವವಳು ನಾನೇ, ಈಗ ಎಣ್ಣೆ ಬಿದ್ದಲ್ಲಿ ಕಟ್ಟಿಗೆಯ ಪುಡಿ ಉದುರಿಸುವವಳೂ ನಾನೇ. ನನಗೇನೂ ದೊಡ್ಡ ಬದಲಾವಣೆ ಅನಿಸಲಿಲ್ಲ. ಆದರೆ ಬರುವ ಗಿರಾಕಿಗಳಿಗೆ ಹುಡುಗಿಯ ಕೈಯಲ್ಲಿ ಇಂಜಿನ್ನು ಕೊಡಲು ಧೈರ್ಯವಿರಲಿಲ್ಲ. ಕಲ್ಲೋಳಿಯಿಂದ ಬಂದ ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಬಾಯಿಬಿಟ್ಟು ಹೇಳಿಯೇಬಿಟ್ಟ: "ಯವ್ವಾ ತಂಗಿ, ಇಂಜಿನ್ನಿಗೆ ಮಾತ್ರ ಕೈ ಹಚ್ಚಬ್ಯಾಡ. ಹಾಡಿನ ಡಬ್ಬಿ ಅಷ್ಟ ಕುಂದರಿಸಿ ಕೊಡು. ಕಲ್ಲೋಳಿಯಾಗ ಹಚ್ಚಿದ್ರ ಮೂಡಲಗಿಯಾಗ ಕೇಳಬೇಕ ನೋಡು."

ದೀಪಾ ತಲೆ ಎತ್ತದೆ ಅಂದಳು: "ಅಷ್ಟ ಜೋರ ಹಚ್ಚಿದ್ರ ಕಬ್ಬು ತಾನಾಗೇ ಮುರದ ಬೀಳ್ತೈತಿ ಕಾಕಾ. ಕಡಿಯುವ ಖಟಪಟಿನೂ ಇಲ್ಲ."

ಮಾತಿಗೇನೂ ಕಡಿಮೆಯಿಲ್ಲ ನಮ್ಮ ಹುಡುಗಿ. ಆದರೆ ಅಂದು ಊಟಕ್ಕೆ ಕುಳಿತಾಗ ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳಪ್ಪ, ಎಂದರೆ ನನ್ನ ಮಗ ಶಿವಾನಂದ, ಹಿಡಕಲ್ಲಿನಲ್ಲಿ ನೀರಾವರಿ ಆಫೀಸಿನವನು. ಕೆಟ್ಟವನಲ್ಲ, ಚಿಂತೆಯ ಮನುಷ್ಯ. ಆಣೆಕಟ್ಟಿನಲ್ಲಿ ನೀರು ಏರಿದರೂ ಚಿಂತೆ, ಇಳಿದರೂ ಚಿಂತೆ ಮಾಡಿ ಮಾಡಿ ಅದೇ ರೂಢಿಯಾಗಿದೆ. ಅರಭಾವಿಯಲ್ಲಿ ಒಂದು ಆಫೀಸು ಕೆಲಸ ಇದೆಯೆಂದು ಅರ್ಜಿ ತಂದು ಅವಳ ಮುಂದೆ ಇಟ್ಟಿದ್ದ. ಅಷ್ಟರಲ್ಲಿ ಹುಕ್ಕೇರಿಯ ಬೆಲ್ಲದ ವ್ಯಾಪಾರಿ ಇಮ್ತಿಯಾಜ್ ಒಂದು ಕೆಂಪು ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಪರದೇಶದ ಕಾರು, ಜೋರು ಓಡುವುದಕ್ಕೆಂದೇ ಮಾಡಿದ್ದು, ಯಾರದೋ ಕೈಯಿಂದ ಕೊಂಡಿದ್ದನಂತೆ. ಅದಕ್ಕೆ ಬೇರೆ ಸಾಮಾನು ಹಾಕಿ ಇನ್ನೂ ಜೋರು ಮಾಡಿಕೊಡಬೇಕು. ಪುಣೆಗೆ ಒಯ್ಯುವುದಕ್ಕೆ ಮೊದಲು ಇಲ್ಲಿ ಕೇಳಿ ನೋಡೋಣ ಎಂದು ಬಂದಿದ್ದ. ದೀಪಾ ಇಂಜಿನ್ನಿನ ಸಪ್ಪಳ ಕೇಳಿಯೇ ಎರಡು ದೋಷ ಹೇಳಿದಳು. ಅವನು ಬೀಗದ ಕೈ ಅವಳ ಕೈಯಲ್ಲಿಟ್ಟು ಹೋದ.

ಶಿವಾನಂದ ಅರ್ಜಿಯನ್ನು ಮಡಚಿ ಗೂಡಿನಲ್ಲಿಟ್ಟ. "ಆತು. ಇದೊಂದು ಗಾಡಿ ಮಾಡು. ಆ ಮನಷ್ಯಾ ಖುಷಿಲೆ ಒಯ್ದರ ನಾ ಮತ್ತ ಬಾಯಿ ತಗಿಯಂಗಿಲ್ಲ. ಇಲ್ಲಂದ್ರ ಗಾಡಿ ಕೊಟ್ಟ ಮರು ಸೋಮವಾರ ಅರಭಾವಿಗೆ ಹೋಗೂದು."

"ಆತಪ್ಪಾ," ಅಂದಳು ದೀಪಾ.

ಅಲ್ಲಿಂದ ಮೂರು ವಾರ ನಮ್ಮ ಮನೆಗೆ ಡಬ್ಬಿಗಳು ಬಂದವು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು ಎಲ್ಲ ಕೇಳಿ ತಿಳಿದುಕೊಂಡೆ. ಟರ್ಬೊ ಎಂದರೆ ಏನೂ ಇಲ್ಲ, ನಮ್ಮ ಒಲೆಯ ಊದುಗೊಳವೆ. ನಾವು ನಮ್ಮ ಉಸಿರಿನಿಂದ ಊದುತ್ತೇವೆ, ಅದು ಇಂಜಿನ್ನು ಬಿಟ್ಟ ಹೊಗೆಯಿಂದಲೇ ಒಂದು ಗಾಲಿ ತಿರುಗಿಸಿಕೊಂಡು ಇಂಜಿನ್ನಿಗೇ ಗಾಳಿ ಊದುತ್ತದೆ. ತನ್ನ ಹೊಗೆಯಿಂದ ತನ್ನ ಒಲೆ ಹೊತ್ತಿಸಿಕೊಳ್ಳುವ ಜಾಣತನ ನಮಗೆ ಇದ್ದಿದ್ದರೆ ನನ್ನ ಕಣ್ಣು ಇಷ್ಟು ಬೇಗ ಮಂಜಾಗುತ್ತಿರಲಿಲ್ಲ. ಹಾಗೆ ಊದಿದ ಗಾಳಿ ಬಿಸಿಯಾಗುತ್ತದೆ. ಅದನ್ನು ಆರಿಸಲು ಮುಂದೆ ಒಂದು ಅಗಲವಾದ ಜಾಳಿಗೆ. ಬಿಸಿ ಚಹಾವನ್ನು ಬಸಿಗೆ ಸುರಿದುಕೊಂಡಂತೆ. ಹಳೆಯ ಬಸಿ ಸಣ್ಣದಿತ್ತು, ದೀಪಾ ದೊಡ್ಡದು ಹಾಕಿದಳು. ಹೊಗೆಯ ಕೊಳವೆಯನ್ನು ಅಗಲ ಮಾಡಿದಳು. ಲ್ಯಾಪ್‌ಟಾಪು ಹಚ್ಚಿ ಇಂಜಿನ್ನಿಗೆ ಏನೋ ಹೊಸ ಬುದ್ಧಿ ಕಲಿಸಿದಳು. ಆ ಪಾಠ ಮಾತ್ರ ನನಗೆ ಹತ್ತಲಿಲ್ಲ, ಇಂಜಿನ್ನಿಗೆ ಹತ್ತಿತು.

ಕೊನೆಗೆ ಒಂದು ವಾಲ್ವ್ ಹಾಕಿದಳು, ಬೆಳ್ಳಿಯ ಗುಂಡುಚೊಂಬಿನಂಥದು. ಓಡುವಾಗ ಎಕ್ಸಲರೇಟರಿನಿಂದ ಕಾಲು ತೆಗೆದರೆ ಒಳಗೆ ಒತ್ತಿ ತುಂಬಿದ ಗಾಳಿಗೆ ಹೋಗಲು ದಾರಿ ಇರುವುದಿಲ್ಲ. ಅದನ್ನು ಈ ವಾಲ್ವ್ ಹೊರಗೆ ಬಿಡುತ್ತದೆ. ದೀಪಾ ಕಾರನ್ನು ಬೀದಿಯ ತುದಿಯವರೆಗೆ ಓಡಿಸಿ ಕಾಲು ತೆಗೆದಳು. "ಥ್‌ಛೀ!"

ನಾನು ಎದ್ದು ನಿಂತೆ. ಅದು ಸೀನು. ಅಚ್ಚ ನಮ್ಮ ಯಜಮಾನರ ಸೀನು. ಅದೂ ಒಂದೇ.

"ಏ ದೀಪಿ, ಒಳಗ ಬಾ. ಕುಂದರು. ನೀರ ಕುಡಿ."

"ಆಯಿ, ಇದು ಗೇರ್ ಹಾಕಿದಾಗೊಮ್ಮೆ ಶೀನ್ತೈತಿ. ಪ್ರತಿಯೊಂದಕ್ಕೂ ನೀರ ಕುಡಕೋತ ಹ್ವಾದ್ರ ಹುಕ್ಕೇರಿ ಮುಟ್ಟೂದ್ರಾಗ ಹಿಡಕಲ್ ಡ್ಯಾಮ್ ಖಾಲಿ ಆಗ್ತೈತಿ."

ನಗಾಡಿದಳು. ನಗುತ್ತಲೇ ಒಂದು ಸಣ್ಣ ಪಾನಾ, ಅದೇ ಸ್ಪ್ಯಾನರು, ತೆಗೆದುಕೊಂಡು ವಾಲ್ವಿನ ತಲೆಯ ತಿರುಪನ್ನು ಬಿಗಿ ಮಾಡಿ, ಮತ್ತೊಮ್ಮೆ ಓಡಿಸಿ ತೋರಿಸಿದಳು. "ಛು-ಛು-ಛು!" ನನ್ನ ಜೀವ ತಣ್ಣಗಾಯಿತು. ಒಂದಲ್ಲ, ಎರಡಲ್ಲ, ಮೂರು. "ಹಾಂ, ಇದು ಬರೋಬ್ಬರಿ ಆತು ನೋಡು," ಎಂದು ಚಹಾ ಇಡಲು ಒಳಗೆ ಹೋದೆ. ಹಿಂದೆ ಅವಳು ಏನೋ ಹೇಳುತ್ತಲೇ ಇದ್ದಳು. ಅರ್ಧ ಕೇಳಿ ಎದ್ದುಹೋಗುವುದು ನನ್ನ ಹಳೆಯ ಚಾಳಿ. ಪುರಾಣಕ್ಕೆ ಹೋದರೂ ರಾಕ್ಷಸ ಸಾಯುವ ಮೊದಲೇ ಎದ್ದು ಬರುತ್ತೇನೆ. ನಾನು ಚಹಾ ತರುವಷ್ಟರಲ್ಲಿ ದೀಪಾ ತಿರುಪನ್ನು ಮೊದಲಿನಂತೆ ಸಡಿಲಿಸಿದ್ದಳು. ಕಾರು ಮತ್ತೆ ಒಂಟಿ ಸೀನು ಸೀನುತ್ತಿತ್ತು.

ಕೊಡುವ ದಿನ ಬಂತು, ಶನಿವಾರ. ಬೆಳಿಗ್ಗೆ ಕಾರಿನ ಮುಚ್ಚಳ ತೆರೆದಿಟ್ಟು ದೀಪಾ ಸ್ನಾನಕ್ಕೆ ಹೋದಳು. ಶೆಡ್ಡಿನಲ್ಲಿ ನಾನು, ಕಾರು, ಪಾನಾ. ಮೂರು ವಾರ ಊಟ ನಿದ್ದೆ ಬಿಟ್ಟು ಕೆಲಸ ಮಾಡಿದ ಹುಡುಗಿ ಅಪಶಕುನವನ್ನು ಹೊತ್ತುಕೊಂಡೇ ಹುಕ್ಕೇರಿಗೆ ಹೊರಡಬೇಕೇ? ನಾನು ದೇವರ ಹೆಸರು ಹೇಳಿ ತಿರುಪನ್ನು ಎರಡು ಸುತ್ತು ಬಿಗಿ ಮಾಡಿದೆ. ಬೀಸುಕಲ್ಲು ತಿರುವಿದ ಕೈ, ಅದಕ್ಕೇನು ಭಾರ? ಪಾನಾವನ್ನು ಇದ್ದಲ್ಲೇ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದೆ. ಹೊಸದಾಗಿ ಕಳ್ಳತನ ಕಲಿತವಳಂತೆ ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ.

ನಾನೂ ಬರುತ್ತೇನೆಂದು ಹಟ ಹಿಡಿದೆ. ಆ ಕಾರಿನಲ್ಲಿ ಕೂರುವುದೆಂದರೆ ಕೂರುವುದಲ್ಲ, ಬೀಳುವುದು. ಸೀಟು ನೆಲಕ್ಕೇ ಹತ್ತಿದೆ. ಒಮ್ಮೆ ಬಿದ್ದರೆ ಮೊಣಕಾಲು ಗಲ್ಲಕ್ಕೆ ಬರುತ್ತದೆ. ಊರು ದಾಟಿ ದೀಪಾ ಒಮ್ಮೆ ಜೋರಾಗಿ ಬಿಟ್ಟು ಕಾಲು ತೆಗೆದಳು. "ಛು-ಛು-ಛು!" ನಾನು ಮನಸ್ಸಿನಲ್ಲೇ ಕೈ ಮುಗಿದೆ. ದೀಪಾಳ ಹುಬ್ಬು ಗಂಟಾಯಿತು.

"ಆಯಿ, ಸಪ್ಪಳ ಬದಲಾದಂಗ ಆತಲ್ಲ?"

"ನನಗೇನ ತಿಳೀತೈತಿ ಯವ್ವಾ, ನಾ ಮೂರನೇ ಇಯತ್ತೆ," ಅಂದೆ. ಸಾಲೆ ಬಿಟ್ಟದ್ದು ಜೀವನದಲ್ಲಿ ಅದೊಂದೇ ಸಲ ಉಪಯೋಗಕ್ಕೆ ಬಂತು.

ಅವಳು ಮತ್ತೆ ಜೋರು ಮಾಡಲಿಲ್ಲ. ಅಲ್ಲಿಂದ ಹುಕ್ಕೇರಿಯವರೆಗೆ ಕಾರನ್ನು ತುಂಬಿದ ಕೊಡದಂತೆ ಮೆಲ್ಲಗೆ ಒಯ್ದಳು. ಹಿಂದಿನಿಂದ ಒಂದು ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ನಮ್ಮನ್ನು ದಾಟಿ ಹೋಯಿತು.

ಇಮ್ತಿಯಾಜನ ಅಂಗಳದಲ್ಲಿ ದೀಪಾ ಇಳಿದಳು. ನಾನು ಇಳಿಯಲು ನೋಡಿದೆ, ಆಗಲಿಲ್ಲ. ಅಷ್ಟರಲ್ಲಿ ಅವನು ಬಂದು, "ಕುಂದರ್ರಿ ಅಜ್ಜಿಯಾರ, ಒಂದು ರೌಂಡ್ ಹೋಗಿ ಬರೂಣು," ಎಂದು ಸ್ಟೇರಿಂಗ್ ಹಿಡಿದೇಬಿಟ್ಟ. ಓಣಿ ದಾಟಿ ದೊಡ್ಡ ರಸ್ತೆಗೆ ಬಂದದ್ದೇ ಕಾಲು ಒತ್ತಿದ. ನನ್ನ ಬೆನ್ನು ಸೀಟಿಗೆ ಹತ್ತಿತು, ಜೀವ ಮಾತ್ರ ಹಿಂದೆ ಅಂಗಳದಲ್ಲೇ ಉಳಿಯಿತು. ಕಾಲು ತೆಗೆದಾಗ "ಛು-ಛು-ಛು!" ಅವನು ಮಕ್ಕಳಂತೆ ಕೂಗಿದ: "ಅರೆ ವಾ! ಏನ್ ಸಪ್ಪಳರೀ ಇದು! ಹುಂಜ ಜಗಳಾಡಿದಂಗ!" ಮರಳಿ ಅಂಗಳಕ್ಕೆ ಬರುವವರೆಗೆ ನಾಲ್ಕು ಸಲ ಹಾಗೆ ಮಾಡಿದ.

ದೀಪಾ ಕಾರಿನ ಮುಂದೆ ಬಂದು ಎರಡೂ ಕೈ ಎತ್ತಿ ನಿಂತಿದ್ದಳು.

"ಅಣ್ಣಾರ, ಬಂದ್ ಮಾಡ್ರಿ. ಗಾಡಿ ಇವತ್ತ ಕೊಡಾಂಗಿಲ್ಲ."

"ಯಾಕವಾ? ಮಸ್ತ ಐತೆಲ್ಲ! ಈ ಸಪ್ಪಳಕ್ಕ ನಾ ಖುಷ್ ಆಗೇನಿ."

"ಸಪ್ಪಳ ಚೊಲೊ ಕೇಳ್ತೈತ್ರಿ. ಆದ್ರ ಅದು ಗಾಳಿ ಹೊರಗ ಹೋಗದ ಹೊಳ್ಳಿ ಬಂದು ಟರ್ಬೊದ ಗಾಲಿಗೆ ಬಡಿಯೂ ಸಪ್ಪಳ. ಹಿಂಗ ಓಡಿಸಿದ್ರ ಗಾಲಿ ಹಾಳಾಗ್ತೈತಿ. ತಿರುಪು ನನ್ನ ಕೈಯಾಗ ಬಿಗಿ ಆಗಿ ಉಳದಿರಬೇಕು. ತಪ್ಪು ನಂದರಿ."

ಇಮ್ತಿಯಾಜನ ನಗು ಇಳಿಯಿತು. "ತಿರುಪು ಹಂಗ ಉಳದೈತಿ ಅಂದ್ರ ಮತ್ತೇನೇನ ಉಳದೈತೊ. ಪುಣೆಗೇ ಒಯ್ಯಬೇಕಿತ್ತೇನು ಹಂಗಾದ್ರ?"

ದೀಪಾ ತಲೆ ತಗ್ಗಿಸಿದಳು. ಅವಳು ಅಳುವುದಿಲ್ಲ, ಕೆಳತುಟಿಯನ್ನು ಒಳಗೆ ಎಳೆದುಕೊಳ್ಳುತ್ತಾಳೆ, ಅವಳ ಅಜ್ಜನಂತೆ. ಆ ತುಟಿ ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹೇಳಬೇಕೆಂದುಕೊಂಡೆ, ಏಳಲಾಗಲಿಲ್ಲ. ತಪ್ಪು ಒಪ್ಪಿಕೊಳ್ಳುವುದಕ್ಕೂ ಒಂದು ಎತ್ತರದ ಸೀಟು ಬೇಕು ನೋಡಿ. ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ.

"ತಮ್ಮಾ, ಅಕಿದು ತಪ್ಪಲ್ಲ. ತಿರುಪು ತಿರುವಿದಾಕಿ ನಾನು. ಒಂಟಿ ಶೀನು ಆಗಬಾರದಂತ ಎರಡು ಸುತ್ತ ಬಿಗಿ ಮಾಡೇನಿ."

ದೀಪಾ ನನ್ನನ್ನು ನೋಡಿದ ನೋಟ ಬೇಡ, ಅದನ್ನು ಹೇಳುವುದಿಲ್ಲ. ಮೊದಲು ನಕ್ಕದ್ದು ಕಟ್ಟೆಯ ಮೇಲೆ ಕುಳಿತಿದ್ದ ಇಮ್ತಿಯಾಜನ ತಾಯಿ ಜೈತೂನಕ್ಕ, ನನ್ನದೇ ವಯಸ್ಸಿನವಳು.

"ಅಯ್ಯ ಅಕ್ಕಾ, ಶೀನಿಗೆ ಯಾಕ ಅಂಜತಿ? ನಮ್ಮಾಗ ಶೀನು ಬಂದ್ರ ದೇವರಿಗೆ ಶುಕರ್ ಹೇಳ್ತೇವಿ. ಶೀನಿದಾವಗ ದೇವರು ಒಳ್ಳೇದು ಮಾಡ್ಲಿ ಅಂತೇವಿ. ಜೀವ ಹಗುರ ಆಗ್ತೈತೆಲ್ಲ!"

ದೀಪಾ ಪಾನಾ ತಂದು, ಇಂಜಿನ್ನು ಆರುವವರೆಗೆ ಕಾದು, ಎರಡು ಸುತ್ತು ಸಡಿಲಿಸಿದಳು. ಅಷ್ಟರಲ್ಲಿ ಇಮ್ತಿಯಾಜ್ ಮತ್ತು ಅವನ ಹೆಂಡತಿ ಸೇರಿ ನನ್ನನ್ನು ಕಾರಿನಿಂದ ಕಿತ್ತು ತೆಗೆದಿದ್ದರು. ಈ ಸಲ ದೀಪಾ ಅವನನ್ನು ಕೂರಿಸಿಕೊಂಡು ಹೋದಳು. ರಸ್ತೆಯ ಕಡೆಯಿಂದ ಸ್ವಚ್ಛವಾಗಿ ಒಂದೇ ಒಂದು "ಥ್‌ಛೀ!" ಕೇಳಿತು. ಜೈತೂನಕ್ಕ "ಅಲ್ಹಮ್ದುಲಿಲ್ಲಾ" ಅಂದಳು. ನಾನು ಅಭ್ಯಾಸಬಲದಿಂದ ಎರಡನೆಯದಕ್ಕೆ ಕಾಯುತ್ತ ನಿಂತೆ. ಅದು ಬರಲಿಲ್ಲ. ಏನೂ ಆಗಲಿಲ್ಲ.

ಮರಳಿ ಬಂದ ಇಮ್ತಿಯಾಜ್ ಕಾರಿನಿಂದ ಇಳಿಯುತ್ತ, "ನನಗ ಚೊಲೊ ಅನಿಸಿದ್ದನ್ನ ಬ್ಯಾಡ ಅಂದಿ ನೋಡವಾ, ಅಲ್ಲೇ ನನಗ ಭರೋಸಾ ಬಂತು. ನಮ್ಮ ಗೆಳೆಯಾರ ಗಾಡಿ ಎರಡು ಅದಾವು, ಮುಂದಿನ ವಾರ ಕಳಸ್ತೇನಿ," ಅಂದ. ಆ ಕ್ಷಣ ನನಗೆ ಆದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಮದುವೆಯಾದಾಗ ನಾನು ಎಷ್ಟು ಸಣ್ಣವಳೆಂದರೆ, ಏನಾಗುತ್ತಿದೆ ಎಂಬುದೇ ತಿಳಿದಿರಲಿಲ್ಲ. ಗೋಕಾಕದ ಬಸ್ಸಿನಲ್ಲಿ ಪಕ್ಕದವಳಿಗೆ, ಮುಂದಿನವಳಿಗೆ, ಕಂಡಕ್ಟರನಿಗೆ, ಎಲ್ಲರಿಗೂ ನನ್ನ ಮೊಮ್ಮಗಳನ್ನು ತೋರಿಸಿದೆ. ದೀಪಾ ಕಿಟಕಿಯ ಕಡೆ ಮುಖ ಮಾಡಿ ಯಾರೋ ಬೇರೆಯವರ ಮೊಮ್ಮಗಳಂತೆ ಕುಳಿತಿದ್ದಳು.

ಆ ದಾರಿಯಲ್ಲಿ ಒಂದು ವಿಚಾರ ಮಾತ್ರ ನನ್ನನ್ನು ಚುಚ್ಚುತ್ತಿತ್ತು. ಮಕ್ಕಳಿಗೆ ಒಳ್ಳೆಯದಾಗಲೆಂದು ನಾವು ಹಿರಿಯರು ಸುಮ್ಮನೆ ಎರಡು ಸುತ್ತು ಬಿಗಿ ಮಾಡುತ್ತೇವೆ. ನಮ್ಮ ಕಿವಿಗೆ ಹಿತವಾದ ಸಪ್ಪಳ ಬಂದರೆ ಸಾಕು, ಕೈ ಮುಗಿಯುತ್ತೇವೆ. ಒಳಗೆ ಯಾವ ಗಾಲಿಗೆ ಪೆಟ್ಟು ಬೀಳುತ್ತಿದೆಯೋ ನಮಗೆ ಗೊತ್ತಿರುವುದಿಲ್ಲ. ಅರ್ಜಿ ತಂದ ಶಿವಾನಂದನನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ! ಅವನದು ಒಂದು ಪಾನಾ, ನನ್ನದು ಇನ್ನೊಂದು.

ಅವನಿಗೆ ಎಲ್ಲ ಹೇಳಿದೆವು. ಅವನು ಪೂರ್ತಿ ಕೇಳಿ, ಗೂಡಿನಲ್ಲಿದ್ದ ಅರ್ಜಿಯನ್ನು ತೆಗೆದುಕೊಂಡು ಎದ್ದು ಹೋದ. ಮರುದಿನ ರವಿವಾರ. ಒಂದು ತಗಡು, ಕೆಂಪು ಬಣ್ಣ, ಕುಂಚ ತಂದು ಶೆಡ್ಡಿನ ಮುಂದೆ ಕುಳಿತ. ಆಫೀಸಿನವನ ಕೈ, ಅಕ್ಷರ ಮುತ್ತಿನಂತೆ. ಮಗಳ ಗ್ಯಾರೇಜಿಗೆ ಬೋರ್ಡು ಬರೆಯುತ್ತಿದ್ದಾನೆಂದು ನಾನು ಕಣ್ಣೊರೆಸಿಕೊಳ್ಳುತ್ತ ನಿಂತೆ. ಅವನೇ ಅದನ್ನು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಹಾಕಿದ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು: "ಆಯಿ ಇಂಜಿನ್ನಿನ ಹತ್ತಿರ ಬರಬಾರದು."

ಗ್ಯಾರೇಜಿನ ಹೆಸರು ಇನ್ನೂ ಎಲ್ಲೂ ಬರೆದಿಲ್ಲ. ನನ್ನದು ಮಾತ್ರ ಬಂದಿದೆ, ಅದೂ ಮೊಟ್ಟಮೊದಲು, ದೊಡ್ಡ ಅಕ್ಷರದಲ್ಲಿ. ಈಗ ಬರುವ ಗಿರಾಕಿಗಳು ಅದನ್ನು ಓದಿ, "ಆಯಿ ಅಂದ್ರ ಯಾರ್ರಿ?" ಎಂದು ಕೇಳುತ್ತಾರೆ. ನಾನು ಅದರ ಕೆಳಗೇ ಸ್ಟೂಲು ಹಾಕಿಕೊಂಡು ಕುಳಿತಿರುತ್ತೇನೆ, ಹೇಳಬೇಕಲ್ಲ.