ಲೆಪ್ಟಿನ್ ಸಾಕು ಅನ್ನುವವರೆಗೆ

ಬೆಟಗೇರಿಯ ನಮ್ಮ ಕಾಕಾನ ಹೊಟ್ಟೆಯನ್ನು ಹೊಟ್ಟೆ ಎಂದು ಕರೆದವರಿಗೆ ಅವನ ಮನೆಯಲ್ಲಿ ಚಹಾ ಸಿಗುವುದಿಲ್ಲ. ಅದು ಪೊಲೀಸ್ ಠಾಣೆಯಂತೆ!

ತಪ್ಪು ನನ್ನದೇ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು ಮನೆಯಲ್ಲಾದರೂ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬೊಜ್ಜು ಸುಮ್ಮನೆ ಕೂತಿರುವುದಿಲ್ಲ, ಲೆಪ್ಟಿನ್ ಎಂಬ ಪ್ರೋಟೀನು ತಯಾರಿಸುತ್ತದೆ. ಅದು ಮಿದುಳಿಗೆ 'ಊಟ ಸಾಕು' ಎಂದು ಹೇಳುತ್ತದೆ, ರೋಗದ ಜೊತೆ ಹೊಡೆದಾಡುವ ಬಿಳಿ ರಕ್ತಕಣಗಳೆಂಬ ಪೊಲೀಸರನ್ನೂ ಎಚ್ಚರವಾಗಿಡುತ್ತದೆ ಎಂದುಬಿಟ್ಟೆ. ಕಾಕಾ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡ.

ಮುಂದಿನ ವಾರ ಲಕ್ಷ್ಮೇಶ್ವರದಲ್ಲಿ ಮದುವೆಯೂಟ. ನಾಲ್ಕನೆಯ ಹೋಳಿಗೆ ಬಂತು. "ಸಾಕು ಬಿಡ್ರಿ" ಎಂದಳು ಪಕ್ಕದಲ್ಲಿದ್ದ ಕಾಕು, ಅಂದರೆ ಅವನ ಹೆಂಡತಿ.

"ಲೆಪ್ಟಿನ್ ಇನ್ನೂ ಸಾಕು ಅಂದಿಲ್ಲ. ಹಾಕ್ರಿ, ತುಪ್ಪಾನೂ ಹಾಕ್ರಿ!"

"ಬೊಜ್ಜು ಬಂದೋರಿಗೆ ಅದು ಎಷ್ಟು ಒದರಿದ್ರೂ ಮಿದುಳಿಗೆ ಕೇಳ್ಸೂದಿಲ್ಲ ಕಾಕಾ. ಮಿದುಳು ಕಿವುಡಾಗಿರ್ತೈತಿ" ಎಂದೆ.

"ನಲವತ್ತು ವರ್ಷ ಮಗ್ಗದ ಸಪ್ಪಳದಾಗ ಕುಂತೇನಿ ಮಾಸ್ತರ. ಕಿವುಡಾಗದ ಏನಾಕ್ಕೈತಿ?"

ಲೆಪ್ಟಿನ್ ಅತಿಯಾದರೆ ಠಾಣೆಯ ಪೊಲೀಸರು ಕಳ್ಳರನ್ನು ಬಿಟ್ಟು ಮನೆಯವರ ಮೇಲೇ ಲಾಠಿ ಬೀಸುತ್ತಾರೆ, ನಿನ್ನ ಮೊಣಕಾಲಿನ ಬಾವು ಅದರಿಂದಲೂ ಇರಬಹುದು ಎಂದು ಹೆದರಿಸಿ ನೋಡಿದೆ. ಕೇಳಬೇಕಲ್ಲ! ಮೊಣಕಾಲು ತಿಕ್ಕಿಕೊಳ್ಳುತ್ತಲೇ ಮಿರ್ಚಿ ಭಜಿ ತರಿಸಿದ.

ಕಾಕು ಮಾತ್ರ ಕಡ್ಡಿ. ಊರಿಗೆ ಬಂದ ಜ್ವರವೆಲ್ಲ ಮೊದಲು ಅವಳನ್ನೇ ಮಾತಾಡಿಸಿಕೊಂಡು ಹೋಗುತ್ತದೆ. ಈ ಮಳೆಗಾಲದಲ್ಲಿ ಬಂದದ್ದು ಹದಿನೈದು ದಿನವಾದರೂ ಬಿಡಲಿಲ್ಲ. ಕಾಕಾ ಮಗ್ಗ ನಿಲ್ಲಿಸಿದ. ನನ್ನನ್ನು ಮೂಲೆಗೆ ಕರೆದು, "ಆಕಿ ಕಡೆ ಒಬ್ಬ ಪೊಲೀಸನೂ ಇಲ್ಲೇನಲೇ?" ಎಂದ. ಅವನು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗದಗಿನ ಡಾಕ್ಟರು ಪರೀಕ್ಷಿಸಿ, "ಭಾಳ ಸೊರಗ್ಯಾರ. ಮೈಯಾಗ ಏನೂ ಉಳದಿಲ್ಲ, ಅದಕ್ಕ ಜ್ವರ ಬಿಡವಲ್ದು" ಎಂದರು.

ಕಾಕಾ ಎದ್ದು ನಿಂತು ಅಂಗಿ ಎತ್ತಿದ.

"ಒಬ್ಬರ ರಕ್ತಾ ಇನ್ನೊಬ್ಬರಿಗೆ ಹಾಕ್ತೀರಲ್ರಿ ಸಾಹೇಬ್ರ. ಹಂಗ ಇದರಾಗಿಂದು ತಗದು ಈಕಿಗೆ ಹಾಕ್ರಿ. ಎಷ್ಟರ ತಗೋರಿ."

ಡಾಕ್ಟರು ನಕ್ಕರು. ನರ್ಸು ನಕ್ಕಳು. ಕಾಕಾ ನಗಲಿಲ್ಲ, ಅಂಗಿ ಹಿಡಿದುಕೊಂಡು ನಿಂತೇ ಇದ್ದ.

"ಅಂಗಿ ಇಳಸ್ರಿ, ಥಂಡಿ ಆದೀತು" ಎಂದಳು ಕಾಕು, ಜ್ವರದಲ್ಲಿ ಮಲಗಿದಲ್ಲಿಂದಲೇ. ಆಮೇಲೆ ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದಕ್ಕೆ ನಾನು ಯಾವ ಪಾಠ ಹೇಳಲಿ? ನನಗೂ ಅಳು ಬಂತು.