ಅತ್ತೆಯ ಹತ್ತು ನಿಮಿಷ

ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ಅಗಲ, ಬಿಳಿ ಬಣ್ಣ, ನಡುವೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಪೊರೆ. ಸ್ಟೀಲ್ ಟ್ರೇಯಲ್ಲಿ ಆ ಪುಟ್ಟ ವಾಲ್ವನ್ನಿಟ್ಟುಕೊಂಡು ಆಸ್ಪತ್ರೆಯ ನಾಲ್ಕು ಜನ ನಿಂತಿದ್ದರು. ನಮ್ಮ ಅತ್ತೆಯನ್ನು ಮಾತಾಡಿಸಲು ನಾಲ್ಕು ಜನ ಬೇಕಾದರು ಎಂದರೆ ಸಾದಲಿಯಲ್ಲಿ ಯಾರಾದರೂ ನಂಬುತ್ತಾರೆಯೇ? ಆ ಬಾಯಿ ಮುಚ್ಚಿಸಲು ಹೋಗಿ ನಲವತ್ತು ಜನ ಸೋತ ಊರದು!

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಒಮ್ಮೆ ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೊರಟವರು, ಪಕ್ಕದಲ್ಲಿ ಕೂತ ಹೆಂಗಸಿಗೆ ರೇಷ್ಮೆ ಹುಳು ಸಾಕುವ ಬಗೆ ವಿವರಿಸುತ್ತ, ಇಳಿಯುವುದನ್ನೇ ಮರೆತು ಮುರುಗಮಲ್ಲ ತಲುಪಿದರು. ವಾಪಸು ಬರುವ ಬಸ್ಸಿನಲ್ಲಿ ಪಕ್ಕಕ್ಕೆ ಇನ್ನೊಬ್ಬಾಕೆ ಸಿಕ್ಕಳು. ಚಿಂತಾಮಣಿ ಮತ್ತೊಮ್ಮೆ ದಾಟಿಹೋಯಿತು!

ಹುಳು ಸಾಕುವ ಮನೆಗೆ ಅವರು ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ಮೊಣಕೈವರೆಗೆ ಕೈ ತೊಳೆದಿರಬೇಕು, ಕಾಲು ತೊಳೆದಿರಬೇಕು, ಮೈಯಿಂದ ಯಾವ ವಾಸನೆಯೂ ಬರಬಾರದು. ಮಗಳನ್ನು ನೋಡಲು ಬಂದ ವರ, ಪಾಪ, ಕುತೂಹಲಕ್ಕೆ ಆ ಬಾಗಿಲಲ್ಲಿ ಇಣುಕಿದ. “ಸೆಂಟು ಹಾಕ್ಕೊಂಡು ನನ್ನ ಹುಳು ಸಾಯ್ಸೋಕೆ ಬಂದ್ಯೇನಪ್ಪಾ? ಆಚೆ ಹೋಗು!” ಎಂದು ಅತ್ತೆ ಅಂಗಳಕ್ಕೆ ಅಟ್ಟಿದರು. ಆದರೂ ಮದುವೆ ಆಯಿತು. ಆ ಅಳಿಯ ಈಗಲೂ ಸಾದಲಿಗೆ ಬರುವ ದಿನ ಮುಖಕ್ಕೆ ಪೌಡರ್ ಕೂಡ ಹಾಕುವುದಿಲ್ಲ.

ಇಂಥ ಅತ್ತೆಗೆ ಕಳೆದ ಚಳಿಗಾಲದಲ್ಲಿ ನ್ಯುಮೋನಿಯಾ ಬಂತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಎರಡು ವಾರ ವೆಂಟಿಲೇಟರ್. ಅದನ್ನು ಬೇಗ ಬಿಡಿಸಲಾಗದೆ, ಕುತ್ತಿಗೆಯ ಮುಂಭಾಗದಲ್ಲಿ ಸಣ್ಣ ರಂಧ್ರ ಮಾಡಿ ಶ್ವಾಸನಾಳಕ್ಕೆ ಒಂದು ಪೈಪು ಇಟ್ಟರು. ಜೀವ ಉಳಿಯಿತು, ಯಂತ್ರವೂ ಹೋಯಿತು, ಪೈಪು ಉಳಿಯಿತು. ಉಸಿರು ಅದರಲ್ಲೇ ಒಳಗೆ, ಅದರಲ್ಲೇ ಹೊರಗೆ. ಗಂಟಲಿನವರೆಗೆ ಉಸಿರು ಬರದಿದ್ದರೆ ದನಿ ಹೊರಡುವುದು ಹೇಗೆ?

ನಾನು ಚಿಕ್ಕಬಳ್ಳಾಪುರದಲ್ಲೇ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಹಾಗಾಗಿ ಆಸ್ಪತ್ರೆಯ ಪಾಳಿ ಹೆಚ್ಚಾಗಿ ನನ್ನದೇ. ಎಚ್ಚರವಾದ ಅತ್ತೆ ಮೊದಲು ಸನ್ನೆ ಮಾಡಿ ಕೇಳಿದ್ದು ನೋಟ್‌ಬುಕ್. ಇನ್ನೂರು ಪುಟದ್ದನ್ನು ಐದು ದಿನಕ್ಕೆ ಮುಗಿಸಿದರು. ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರ ಮುಖದೆದುರು ಹಿಡಿದ ಪುಟದಲ್ಲಿ ಎರಡೇ ಪದ: “ಕೈ ತೊಳೆದ್ರಾ?” ಡಾಕ್ಟರು ಒಂದು ಕ್ಷಣ ಯೋಚಿಸಿ, ಬಂದ ದಾರಿಯಲ್ಲೇ ಸಿಂಕಿಗೆ ವಾಪಸಾದರು. ಹಿಂದೆ ಮೂವರು ಕಿರಿಯ ಡಾಕ್ಟರುಗಳೂ ಸಾಲಾಗಿ ನಡೆದರು. ಆ ವಾರ ವಾರ್ಡಿನ ಸೋಪು ಮುಂಚೆಯೇ ಖಾಲಿಯಾಯಿತಂತೆ!

ಆಮೇಲೆ ಬಂದದ್ದು ಈ ಬಿಳಿ ವಾಲ್ವ್. ಪೈಪಿನ ಬಾಯಿಗೆ ಇದನ್ನು ಕೂರಿಸಿದರೆ ಉಸಿರು ಒಳಗೆ ಹೋಗುವಾಗ ತೆರೆದುಕೊಳ್ಳುತ್ತದೆ, ಹೊರಗೆ ಬರುವಾಗ ಮುಚ್ಚಿಕೊಳ್ಳುತ್ತದೆ. ಆಗ ಉಸಿರು ಗಂಟಲ ಕಡೆಯಿಂದಲೇ ಹೊರಡಬೇಕು, ದನಿ ಬರುತ್ತದೆ ಎಂದು ಡಾಕ್ಟರು ಚಿತ್ರ ಬರೆದು ಕಾಲು ಗಂಟೆ ವಿವರಿಸಿದರು. ಅತ್ತೆಯ ಗಂಡ, ನಮ್ಮ ಮಾವ, ತಲೆಯಾಡಿಸಿ ಒಂದೇ ಮಾತು ಹೇಳಿದರು: “ಬಾವಿ ಮೋಟ್ರಿನ ಫುಟ್‌ವಾಲ್ವ್ ಇದ್ದಂಗೆ. ಒಂದೇ ಕಡೆ ದಾರಿ.” ಡಾಕ್ಟರು ಚಿತ್ರ ಮಡಿಚಿಟ್ಟರು.

“ಹಂಗಾದ್ರೆ ಕೊಡಿ, ನಾನೇ ಹಾಕ್ತೀನಿ” ಎಂದರು ಮಾವ. ಹಾಗೆಲ್ಲ ಹಾಕುವಂತಿಲ್ಲ! ಪೈಪಿನ ಸುತ್ತ ಒಳಗೊಂದು ಪುಟ್ಟ ಬಲೂನಿರುತ್ತದೆ. ಅದರ ಗಾಳಿ ಪೂರ್ತಿ ತೆಗೆಯದೆ ವಾಲ್ವ್ ಹಾಕಿದರೆ ಒಳಗೆ ಹೋದ ಉಸಿರಿಗೆ ಹೊರಗೆ ದಾರಿಯೇ ಇಲ್ಲ. ಅದಕ್ಕೇ ನಾಲ್ವರು. ಕಫ ತೆಗೆದು ಬಲೂನಿನ ಗಾಳಿ ಇಳಿಸುವುದು ನರ್ಸ್, ಕೂರಿಸಿ ಉಸಿರಾಟ ಗಮನಿಸುವುದು ಫಿಸಿಯೋಥೆರಪಿಸ್ಟ್, ವಾಲ್ವ್ ಹಾಕಿ ಮಾತಾಡಿಸುವುದು ಸ್ಪೀಚ್ ಥೆರಪಿಸ್ಟ್, ಹೂಂ ಅಥವಾ ಉಹೂಂ ಎನ್ನುವುದು ಡಾಕ್ಟರು. ಬೆಳಿಗ್ಗೆ ಹತ್ತೂವರೆಗೆ ನಾಲ್ವರೂ ಸೇರಿದರೆ ಮಾತು, ಇಲ್ಲದಿದ್ದರೆ ಇಲ್ಲ. ಹುಳುವಿನ ಮನೆಗೆ ನರಪಿಳ್ಳೆಯನ್ನೂ ಬಿಡದ ಅತ್ತೆಗೆ ಒಂದು ಉಸಿರಿಗೆ ನಾಲ್ಕು ಜನರ ಉಸ್ತುವಾರಿ!

ಮೊದಲ ದಿನ ನಮ್ಮವರು ಒಂದು ತಪ್ಪು ಮಾಡಿದರು. ಅತ್ತೆಯ ಮೊದಲ ಮಾತು ಕೇಳಬೇಕೆಂದು ಒಂಬತ್ತು ಜನ ಟೆಂಪೋ ಮಾಡಿಕೊಂಡು ಬಂದಿಳಿದರು. “ಐದೇ ನಿಮಿಷ, ದೂರ ನಿಲ್ತೀವಿ” ಎಂದು ಗೋಗರೆದು ಒಳಗೂ ಬಂದರು. ಏಳು ಫೋನು ಮೇಲೆದ್ದವು. “ಮಾತಾಡಕ್ಕಾ!” “ನಮ್ಮ ಹೆಸ್ರು ಹೇಳು ದೊಡ್ಡಮ್ಮಾ!” ವಾಲ್ವ್ ಕೂತಿತು. ಅತ್ತೆ ಆ ಫೋನುಗಳನ್ನೆಲ್ಲ ನೋಡಿದರು, ಉಸಿರು ಬಿಗಿಹಿಡಿದರು, ಕೆಮ್ಮು ಒತ್ತರಿಸಿ ಬಂತು. ಮಾನಿಟರಿನಲ್ಲಿ ಆಕ್ಸಿಜನ್ ತೊಂಬತ್ತಾರು ಇದ್ದದ್ದು ಎಂಬತ್ತೊಂಬತ್ತಕ್ಕೆ ಇಳಿಯಿತು. ಥೆರಪಿಸ್ಟ್ ತಕ್ಷಣ ವಾಲ್ವ್ ತೆಗೆದರು.

ಮಧ್ಯಾಹ್ನ ಅತ್ತೆ ನೋಟ್‌ಬುಕ್ಕಿನಲ್ಲಿ ಒಂದೇ ಪದ ಬರೆದರು: “ಬೇಡ.” ಬರೆದು ಪುಸ್ತಕ ಮುಚ್ಚಿಟ್ಟರು. ಎರಡು ದಿನ ತೆರೆಯಲಿಲ್ಲ. ಜೀವಮಾನದಲ್ಲಿ ಅವರು ಒಂದು ಪದಕ್ಕೆ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ವಾಲ್ವಿಗೆ ಒಗ್ಗಿಕೊಂಡರೆ ಮುಂದೆ ಪೈಪನ್ನೇ ತೆಗೆಯಬಹುದು, ಒಗ್ಗದಿದ್ದರೆ ಎಷ್ಟು ದಿನವೋ ಹೇಳಲಾಗದು ಎಂದರು ಡಾಕ್ಟರು. ಮಾವ ಕಾರಿಡಾರಿನ ಬೆಂಚಿನಲ್ಲಿ ಕೂತು ಗೋಡೆ ನೋಡುತ್ತಿದ್ದರು.

ಮೂರನೆಯ ದಿನ ಸ್ಪೀಚ್ ಥೆರಪಿಸ್ಟ್ ಮಂಚದ ಅಂಚಿಗೆ ಬಂದು ಕೇಳಿದರು. “ಅಮ್ಮಾ, ಹೆದರಿಕೆ ಆದ್ರೆ ತಪ್ಪಲ್ಲ. ನಿಮ್ಮ ಎದುರಿಗೆ ಕೂತ್ಕೊಂಡು ನಿಧಾನವಾಗಿ ಉಸಿರಾಡೋಕೆ ಮನೆಯವರು ಒಬ್ರು ಸಾಕು. ಯಾರು ಬೇಕು ಹೇಳಿ.”

ಅತ್ತೆ ಪುಸ್ತಕ ತೆರೆದು, ನನ್ನ ಕಡೆ ಬೆರಳು ತೋರಿಸಿ ಬರೆದರು: “ಇವಳು ಇರ್ಲಿ. ಇವಳು ಮಾತಾಡಲ್ಲ.”

ಇಷ್ಟು ವರ್ಷದಲ್ಲಿ ನನ್ನ ಈ ಗುಣಕ್ಕೆ ಸಿಕ್ಕ ಏಕೈಕ ಪ್ರಶಸ್ತಿ ಅದು!

ಹತ್ತೂವರೆಗೆ ನಾಲ್ವರೂ ಬಂದರು. ನಾನು ಐದನೆಯವಳಾಗಿ ಸ್ಟೂಲಿನ ಮೇಲೆ ಕೂತೆ. ನರ್ಸ್ ಬಲೂನಿನ ಗಾಳಿ ತೆಗೆದರು. ನಾನು ಉಸಿರೆಳೆದೆ, ಅತ್ತೆಯೂ ಎಳೆದರು. ನಾನು ಬಿಟ್ಟೆ, ಅವರೂ ಬಿಟ್ಟರು. ವಾಲ್ವ್ ಕೂತದ್ದು ಯಾವಾಗ ಎಂದು ನನಗೇ ತಿಳಿಯಲಿಲ್ಲ. ತೊಂಬತ್ತೈದು. ತೊಂಬತ್ತೈದು. ತೊಂಬತ್ತಾರು.

“ಒಂದು, ಎರಡು ಹೇಳಿ ಅಮ್ಮಾ.”

“ಒಕಟಿ... ರೆಂಡು... ಮೂಡು...” ರಾಗಿ ಮಿಲ್ಲಿನ ಬೆಲ್ಟು ಜಾರಿದಂಥ ದನಿ! ನಮ್ಮ ಕಡೆ ಎಣಿಕೆ ಮಾತ್ರ ತೆಲುಗಿನಲ್ಲೇ ಬರುತ್ತದೆ. ಶಿವಮೊಗ್ಗ ಕಡೆಯ ಥೆರಪಿಸ್ಟ್ ಗಾಬರಿಯಿಂದ ನನ್ನನ್ನು ನೋಡಿದರು. ನಾನು ಸರಿಯಿದೆ ಎಂದು ತಲೆಯಾಡಿಸಿದೆ. ಐದಕ್ಕೆ ಸಾಕೆಂದರೂ ಅತ್ತೆ ಇಪ್ಪತ್ತರವರೆಗೆ ಹೋದರು. ಆಮೇಲೆ ಡಾಕ್ಟರ ಕಡೆ ತಿರುಗಿದರು.

“ಡಾಕ್ಟ್ರೇ, ಆ ಕಿಟಕಿ ಪರದೆ ಒಗೆದು ಎಷ್ಟು ಕಾಲ ಆಯ್ತು?”

ಎಲ್ಲರೂ ನಕ್ಕರು. “ಒಟ್ಟು ಹತ್ತು ನಿಮಿಷ ಅಮ್ಮಾ, ಇನ್ನೆರಡೇ ಉಳಿದಿರೋದು” ಎಂದರು ನರ್ಸ್. ಅತ್ತೆ ಉಳಿದ ಎರಡು ನಿಮಿಷಕ್ಕೆ ನನ್ನನ್ನು ಹಿಡಿದರು.

“ಏನೇ, ಆರು ಗಂಟೆ ಫೋನು ಇಲ್ದೆ ಹಾಯಾಗಿದ್ದೀಯಾ?”

ಪ್ರತಿ ಸಂಜೆ ಆರಕ್ಕೆ ಅತ್ತೆ ನನಗೆ ಫೋನ್ ಮಾಡುತ್ತಿದ್ದರು, ನಲವತ್ತು ನಿಮಿಷ. ಸ್ಪೀಕರಿಗೆ ಹಾಕಿ, ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತ, ನಡುನಡುವೆ ಹೂಂ ಎನ್ನುತ್ತಿದ್ದೆ. ಕಾಯಿಲೆಯ ಶುರುವಿನಲ್ಲಿ, ಬರೀ ಕೆಮ್ಮು ಎಂದು ಅವರು ಫೋನ್ ನಿಲ್ಲಿಸಿದಾಗ ನನಗೆ ಅನಿಸಿದ್ದೇನು? ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಮೊದಲೆರಡು ದಿನ ಹಾಯಾಗಿತ್ತು ಅತ್ತೆ.”

“ಮೂರನೇ ದಿನ?”

ನಾನು ಮಾನಿಟರಿನ ಕಡೆ ತಿರುಗಿದೆ. ಅತ್ತೆ ಕಾದರು. ಗಡಿಯಾರ ನೋಡಿದರು.

“ಹೇಳೇ! ನಿಂಗ್ಯಾವ ಪೈಪೂ ಹಾಕಿಲ್ವಲ್ಲ!”

ಅಷ್ಟರಲ್ಲಿ ಹತ್ತು ನಿಮಿಷ ಮುಗಿಯಿತು. ವಾಲ್ವ್ ಟ್ರೇಗೆ ವಾಪಸಾಯಿತು.

ಮರುದಿನ ಬೆಳಿಗ್ಗೆ ಏಳೂವರೆಗೇ ವಾರ್ಡಿಗೆ ಹೋದೆ. ನಾಲ್ವರೂ ಸೇರಲು ಇನ್ನೂ ಮೂರು ಗಂಟೆ ಇತ್ತು. ಅತ್ತೆ ನಡುವೆ ಬಾಯಿ ಹಾಕುವಂತಿರಲಿಲ್ಲ. ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ. “ಮೂರನೇ ದಿನ ಆರು ಗಂಟೆಗೆ ನಾನೇ ಫೋನ್ ಮಾಡಿದೆ ಅತ್ತೆ, ನೀವು ಎತ್ತಲಿಲ್ಲ” ಎಂದು ಶುರುಮಾಡಿ, ಹತ್ತೂವರೆಯವರೆಗೂ ಮಾತಾಡಿದೆ.